ಮೂರನೇ ಪ್ರತಿವಾದಿಯ ಪಾಲು

ನನ್ನ ಗಂಡನ ಪರವಾಗಿ ನಾನು ಹಾಕಿದ ಕೇಸಿನಲ್ಲಿ ಮೂವರು ಪ್ರತಿವಾದಿಗಳಿದ್ದರು. ಒಂದನೆಯವರು ಸರಕಿನ ಯಾರ್ಡಿನ ಮಾಲೀಕರು. ಎರಡನೆಯದು ಆ ಯಾರ್ಡಿನ ಕ್ರೇನುಗಳನ್ನು ರಿಪೇರಿ ಮಾಡುವ ಕಂಪನಿ. ಮೂರನೆಯವನು ದಿನಾ ಬೆಳಗ್ಗೆ ನಮ್ಮ ಮನೆಗೆ ಬಂದು, ನನ್ನ ಗಂಡನನ್ನು ಮಗುವಿನಂತೆ ಎತ್ತಿ ಬಚ್ಚಲಿಗೆ ಒಯ್ದು, ಬೆನ್ನುಜ್ಜಿ ಸ್ನಾನ ಮಾಡಿಸಿ, ಒರೆಸಿ, ಬಟ್ಟೆ ತೊಡಿಸಿ, ಮತ್ತೆ ಗಾಲಿಕುರ್ಚಿಯಲ್ಲಿ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದ. ಅವನು ನನ್ನ ಮೈದುನ.

"ಬನ್ನಿ ಮೂರನೇ ಪ್ರತಿವಾದಿಗಳೇ, ನೀರು ಕಾದಿದೆ" ಎಂದು ನಾನು ರೇಗಿಸುತ್ತಿದ್ದೆ.

"ವಾದಿಗಳು ಎದ್ದಿದ್ದಾರಾ?" ಎಂದು ಅವನು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ.

"ಎದ್ದಿದ್ದೀನಿ ಬಾರೋ. ಇವತ್ತೂ ಕಣ್ಣಿಗೆ ಸೋಪು ಹಾಕಿದ್ರೆ ನೋಡು, ಇನ್ನೊಂದು ಕೇಸು ಜಡೀತೀನಿ" ಎಂದು ಒಳಗಿನಿಂದ ನನ್ನ ಗಂಡ ಕೂಗುತ್ತಿದ್ದರು. ಆ ಮನೆಯಲ್ಲಿ ಆಗ ನಗಲು ಉಳಿದಿದ್ದುದು ಅಷ್ಟೇ.

ಗಂಡನ ಸ್ವಂತ ತಮ್ಮನ ಮೇಲೆ ಯಾಕೆ ಕೇಸು ಹಾಕಿದಿರಿ ಎಂದು ಕೇಳಿದವರಿಗೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನನಗೇನು ಹುಚ್ಚೇ? ವಕೀಲರು ಮೊದಲ ದಿನವೇ ಬಿಡಿಸಿ ಹೇಳಿದ್ದರು. "ನೋಡಮ್ಮಾ, ಮಾಲೀಕರು ಕೋರ್ಟಿಗೆ ಬಂದ ಕೂಡ್ಲೇ ಏನಂತಾರೆ ಗೊತ್ತಾ? ತಪ್ಪೆಲ್ಲಾ ಕ್ರೇನ್ ನಡೆಸ್ತಿದ್ದವನದು ಅಂತಾರೆ. ಆ ಮನುಷ್ಯ ಕೇಸಲ್ಲೇ ಇಲ್ಲ ಅಂದ್ರೆ, ಇಲ್ಲದವನ ತಲೆಗೇ ಎಲ್ಲಾ ಕಟ್ತಾರೆ. ಅವನ ಪಾಲು ಅಂತ ಎಷ್ಟು ಬೀಳುತ್ತೋ ಅಷ್ಟು ನಿಮಗೆ ಖೋತಾ. ಅದಕ್ಕೇ ಎಲ್ಲರನ್ನೂ ಎಳೀಬೇಕು."

"ಅವನು ಇವರ ತಮ್ಮ ಸಾರ್. ನಮ್ಮ ಮನೇಲೇ ಬೆಳೆದವನು."

"ಇರ್ಲಿ ಬಿಡಿ, ಹೆಸರಿಗೆ ಮಾತ್ರ."

ಮೈದುನನನ್ನು ಕೇಳಿದರೆ ಅವನು ನಕ್ಕ. "ಹಾಕಿ ಅತ್ತಿಗೆ, ಧಾರಾಳವಾಗಿ ಹಾಕಿ. ನನ್ನ ಹೆಸರು ಎಲ್ಲೂ ಅಚ್ಚಾದದ್ದಿಲ್ಲ, ಅಲ್ಲಾದ್ರೂ ಆಗ್ಲಿ."

ಹಾಗಾಗಿ ಕೋರ್ಟಿನ ದಿನಗಳಲ್ಲಿ ನಾವು ಮೂವರೂ ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದೆವು. ಗಾಲಿಕುರ್ಚಿ ಹತ್ತಿಸಲು, ಇಳಿಸಲು ಅವನಿಲ್ಲದೆ ಆಗುತ್ತಿರಲಿಲ್ಲ. ಕೋರ್ಟಿನ ಹಿಂದಿನ ಬೀದಿಯಲ್ಲಿ ಇಳಿದು, ಅಣ್ಣನ ಕಾಲಿಗೆ ಹೊದಿಕೆ ಸರಿಮಾಡಿ, ಅವನು ಮುಂದಿನ ಬಾಗಿಲಿನಿಂದ ಹೋಗುತ್ತಿದ್ದ. ನಾನು ಕುರ್ಚಿ ತಳ್ಳಿಕೊಂಡು ಪಕ್ಕದ ಇಳಿಜಾರಿನಿಂದ ಹೋಗುತ್ತಿದ್ದೆ. ಒಳಗೆ ಅವನು ಎದುರು ಬೆಂಚಿನಲ್ಲಿ ಕೂತು ನಮ್ಮನ್ನು ಕಂಡೇ ಇಲ್ಲದವನಂತೆ ಗೋಡೆ ನೋಡುತ್ತಿದ್ದ. ಒಮ್ಮೆ ಹೊದಿಕೆ ಜಾರಿ ನೆಲಕ್ಕೆ ಬಿತ್ತು. ಅವನು ಎಲ್ಲ ಮರೆತು ಛಕ್ಕನೆ ಎದ್ದು ಬಂದು ಹೊದಿಸಿಬಿಟ್ಟ. ಮಾಲೀಕರ ವಕೀಲರು ಕನ್ನಡಕದ ಮೇಲಿನಿಂದ ನೋಡಿದರು, ನಮ್ಮ ವಕೀಲರು ಕಣ್ಣಲ್ಲೇ ಅವನನ್ನು ಸುಟ್ಟರು. ಅವನು ಪೆಚ್ಚಾಗಿ ಮತ್ತೆ ತನ್ನ ಬೆಂಚಿಗೆ ಹೋಗಿ ಕೂತ.

ಅಣ್ಣತಮ್ಮಂದಿರಿಬ್ಬರೂ ಅದೇ ಯಾರ್ಡಿನಲ್ಲಿ ಜೋಡಿಯಾಗಿ ಕೆಲಸ ಮಾಡುತ್ತಿದ್ದವರು. ತಮ್ಮ ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ, ಅಣ್ಣ ಕೆಳಗೆ ನೆಲದ ಮೇಲೆ. ಕ್ಯಾಬಿನ್ನಿನಿಂದ ಸರಕಿನ ಹಿಂಬದಿಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ಕೆಳಗಿನವನು ಕೈಯೆತ್ತಿ ತೋರಿಸಿದಂತೆ ಮೇಲಿನವನು ಎತ್ತಬೇಕು, ಇಳಿಸಬೇಕು, ನಿಲ್ಲಿಸಬೇಕು. ಕೆಳಗಿನವನ ಕೈ ಮೇಲಿನವನ ಕಣ್ಣು. ಇವರಿಬ್ಬರ ಜೋಡಿ ಎಷ್ಟು ಚೆನ್ನಾಗಿತ್ತೆಂದರೆ, ಊಟಕ್ಕೆ ಕೂತಾಗಲೂ ನನ್ನ ಗಂಡ ಬೆರಳಾಡಿಸಿದರೆ ಸಾಕು, ಅವನು ನೀರಿನ ಚೊಂಬು ಮುಂದೆ ಸರಿಸುತ್ತಿದ್ದ. "ಬಾಯಿ ಬಿದ್ದುಹೋಗಿದೆಯೇನ್ರೀ ನಿಮಗೆ?" ಎಂದು ನಾನು ಗೊಣಗುತ್ತಿದ್ದೆ.

ಆವತ್ತು ಕಬ್ಬಿಣದ ತೊಲೆಗಳ ಕಟ್ಟೊಂದು ಮೇಲಿನಿಂದ ಜಾರಿ ನನ್ನ ಗಂಡನ ಮೇಲೆ ಬಿತ್ತು. ಕ್ರೇನಿನ ಬ್ರೇಕು ಬಹಳ ದಿನದಿಂದ ಸರಿಯಾಗಿ ಹಿಡಿಯುತ್ತಿರಲಿಲ್ಲ. ಎಡಗಾಲನ್ನು ತೊಡೆಯವರೆಗೆ ತೆಗೆದರು. ಬಲಗಾಲು ಇದೆ ಎಂದರೆ ಇದೆ ಅಷ್ಟೇ. ತಲೆಗೂ ಪೆಟ್ಟು ಬಿದ್ದಿತ್ತು. ಆ ದಿನದ ನೆನಪನ್ನು ನಂಬಲಾಗದು ಎಂದು ಡಾಕ್ಟರು ಬರೆದುಕೊಟ್ಟದ್ದರಿಂದ ಕೋರ್ಟಿನಲ್ಲಿ ಅವರನ್ನು ಯಾರೂ ಏನೂ ಕೇಳಲಿಲ್ಲ, ಅವರ ಬದಲು ನಾನೇ ನಿಂತೆ. ಏನಾಯಿತು ಎಂಬುದನ್ನು ಹೇಳಿದವನು ಮೈದುನನೊಬ್ಬನೇ. "ಅಣ್ಣ ಸಿಗ್ನಲ್ ಕೊಟ್ಟಿರ್ಲಿಲ್ಲ. ನಾನೇ ಅವಸರಪಟ್ಟು ಇಳಿಸಿದೆ. ತಪ್ಪು ನನ್ನದು."

ಕೇಳಿದ ಮೊದಲ ವಾರ ನಾನು ಅವನ ಮುಖ ನೋಡಲಿಲ್ಲ. ನನ್ನ ಕೋಪ ಹಾಲುಕ್ಕಿದ ಹಾಗೆ, ಉರಿ ತಗ್ಗಿಸಿದರೆ ಇಳಿಯುತ್ತದೆ. ಅವನು ಆಸ್ಪತ್ರೆಯ ಮೊಗಸಾಲೆಯ ನೆಲದ ಮೇಲೆ, ಕಸ ಗುಡಿಸುವವಳು ಎದ್ದೇಳು ಎಂದಾಗ ಎದ್ದು, ಗುಡಿಸಿದ ಮೇಲೆ ಮತ್ತೆ ಅಲ್ಲೇ ಕೂರುತ್ತಿದ್ದ. ಒಂದು ಬೆಳಗ್ಗೆ ನನ್ನ ಲೋಟದ ಚಹಾದಲ್ಲಿ ಅರ್ಧ ಅವನಿಗೆ ಕೊಟ್ಟೆ. ಅಲ್ಲಿಗೆ ಮುಗಿಯಿತು. ಕೈತಪ್ಪು ಯಾರಿಗೆ ಆಗುವುದಿಲ್ಲ? ಅವನ ಕ್ರೇನ್ ನಡೆಸುವ ಪರವಾನಗಿ ಕಿತ್ತುಕೊಂಡರು. ಒಂದು ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಬೆಳಗ್ಗೆ ಅಣ್ಣನನ್ನು ಎತ್ತುವುದು, ಆಮೇಲೆ ಮೂಟೆ ಎತ್ತುವುದು.

ನಾನು ಕ್ಷೌರದಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವಿನ ಇಕ್ಕಟ್ಟಿನಲ್ಲಿ ಬಟ್ಟೆ ಸರಿಮಾಡಿಕೊಡುವ ಅಂಗಡಿ ಇಟ್ಟುಕೊಂಡವಳು. ಜಿಪ್ಪು ಬದಲಿಸುವುದು, ಪ್ಯಾಂಟಿನ ತುದಿ ಮಡಚಿ ಹೊಲಿಯುವುದು, ದಪ್ಪಗಾದವರ ಬಿಗಿಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲಿಸಿಕೊಡುವುದು. ಹರಿದದ್ದನ್ನು ಹೇಗೆ ಜೋಡಿಸಬೇಕೆಂದು ನನಗೆ ಗೊತ್ತು ಎಂದು ಜಂಭವಿತ್ತು. ಕೋರ್ಟು ಆ ಜಂಭ ಇಳಿಸಿತು.

ತೀರ್ಪಿನ ದಿನ ಜಡ್ಜಮ್ಮ ಬಹಳ ಹೊತ್ತು ಓದಿದರು. ನನಗೆ ಅರ್ಥವಾದದ್ದು ಕೊನೆಯ ಭಾಗ ಮಾತ್ರ. ಬ್ರೇಕು ಬದಲಿಸಿ ಎಂದು ರಿಪೇರಿ ಕಂಪನಿ ಹೇಳಿದರೂ ಮಾಲೀಕರು ಕಿವಿಗೆ ಹಾಕಿಕೊಂಡಿರಲಿಲ್ಲ, ಆದ್ದರಿಂದ ಕಂಪನಿಯದು ಏನೂ ತಪ್ಪಿಲ್ಲ. ತಪ್ಪು ನೂರು ಎಂದಿಟ್ಟುಕೊಂಡರೆ ಮಾಲೀಕರದು ಅರವತ್ತು, ಮೂರನೇ ಪ್ರತಿವಾದಿಯದು ನಲವತ್ತು. ಪೆಟ್ಟು ತಿಂದವರದು ಏನೂ ಇಲ್ಲ, ಅವರಿಗೆ ಪೂರ್ತಿ ಪರಿಹಾರ ಸಲ್ಲಬೇಕು.

ಪೂರ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕಣ್ಣಲ್ಲಿ ನೀರು ಬಂತು. ಬಲಗಾಲಿಗೆ ಆಪರೇಷನ್ ಮಾಡಿಸಿದರೆ ಇವರು ಕೋಲೂರಿ ನಿಲ್ಲಬಹುದು ಎಂದು ಡಾಕ್ಟರು ಹೇಳಿದ್ದರು. ನಿಂತರೆ ಸಾಕಾಗಿತ್ತು ನನಗೆ. ಬಾಗಿಲಲ್ಲಿ ನಿಂತು "ಎಲ್ಲಿಗೆ ಹೊರಟೆ" ಎಂದು ಹಳೆಯ ಹಾಗೆ ಗದರಿದರೆ ಸಾಕಾಗಿತ್ತು.

ಹೊರಗೆ ಬಂದಾಗ ವಕೀಲರು ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ಹೇಳಿದರು. "ತೀರ್ಪಿಗೆ ಇನ್ನೂ ಮೊಹರು ಬಿದ್ದಿಲ್ಲ, ಬೀಳೋವರೆಗೆ ಬದಲಾಗಬಹುದು, ಕುಣೀಬೇಡಿ. ಖರ್ಚಿನ ವಿಚಾರ ಬಾಕಿ ಇದೆ. ಅದಕ್ಕೆ ಇನ್ನೊಂದು ದಿನ ಕರೀತಾರೆ."

"ಯಾವ ಖರ್ಚು ಸಾರ್?"

"ಕೇಸಿನ ಖರ್ಚು. ಸೋತವರು ಗೆದ್ದವರ ಖರ್ಚು ಕೊಡಬೇಕು. ನಾವು ಇಬ್ಬರ ಮೇಲೆ ಗೆದ್ದಿದ್ದೀವಿ, ನಮ್ಮ ಖರ್ಚು ಅವರಿಬ್ಬರ ಮೇಲೆ. ರಿಪೇರಿ ಕಂಪನೀನೂ ಗೆದ್ದಿದೆ. ದಿಬ್ಬಣದ ಹಾಗೆ ವಕೀಲರನ್ನ ಕರ್ಕೊಂಡು ಬಂದಿದ್ರಲ್ಲ, ಅವರ ಖರ್ಚೂ ಯಾರಾದ್ರೂ ಹೊರಬೇಕು. ಮಾಲೀಕರು ಬಿಡ್ತಾರಾ? ಎಲ್ಲಾ ಆಗಿದ್ದು ಕ್ರೇನಿನವನಿಂದ, ಅವನ ಮೇಲೇ ಜಾಸ್ತಿ ಹಾಕಿ ಅಂತಾರೆ."

"ಅವನ ಹತ್ರ ಏನಿದೆ ಸಾರ್, ಮೂಟೆ ಹೊರೋನು?"

"ಅದೇ ಮೂಟೆ ಹೊರೋ ಕೂಲಿ ಇದೆಯಲ್ಲ. ನಿಮ್ಮ ಪರಿಹಾರ ಪೂರ್ತಿ ಮಾಲೀಕರೇ ಕೊಡ್ತಾರೆ, ನಿಮಗೆ ಭಯ ಇಲ್ಲ. ಆಮೇಲೆ ಅವನ ನಲವತ್ತು ಪಾಲನ್ನ, ಖರ್ಚಿನ ಪಾಲನ್ನ ಅವನ ಹತ್ರ ವಸೂಲಿ ಮಾಡ್ತಾರೆ. ಕೂಲಿಯಲ್ಲಿ ಹಿಡ್ಕೊಳ್ತಾರೆ."

"ಎಲ್ಲೀವರೆಗೆ?"

"ತೀರೋವರೆಗೆ."

"ಯಾವಾಗ ತೀರುತ್ತೆ?"

ವಕೀಲರು ತೋಳಿನ ಮೇಲಿನ ಕೋಟನ್ನು ನೋಡಿದರು. "ನಿಮ್ಮ ಮೈದುನನಿಗೆ ಈಗ ಎಷ್ಟು ವಯಸ್ಸು?" ಎಂದರು.

ನನ್ನ ಮೈ ಉರಿದುಹೋಯಿತು. "ಹೆಸರಿಗೆ ಮಾತ್ರ ಅಂದಿದ್ದು ನೀವೇ ಅಲ್ವಾ?"

"ಅವನೇ ನಿಂತು ನನ್ನ ತಪ್ಪು, ನನ್ನ ತಪ್ಪು ಅಂತ ಒಪ್ಕೊಂಡ್ನಲ್ಲಮ್ಮಾ! ಒಪ್ಕೊಂಡವನನ್ನ ಬಿಟ್ಬಿಡಿ ಅಂತ ಯಾರಿಗೆ ಹೇಳ್ಲಿ ನಾನು?"

ಮೈದುನ ಅಷ್ಟು ದೂರದಲ್ಲಿ ಕಂಬಕ್ಕೊರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ಎಳ್ಳಷ್ಟೂ ಗಾಬರಿ ಇರಲಿಲ್ಲ. ಅದನ್ನು ಕಂಡು ನನಗೆ ಇನ್ನೂ ಉರಿಯಿತು. ಇವನಿಗೆ ಬುದ್ಧಿ ಗಿದ್ದಿ ಇದೆಯೋ ಇಲ್ಲವೋ ಎನ್ನಿಸಿತು.

ಆ ಸಂಜೆ ನಾನು ಅಂಗಡಿಯಿಂದ ತಂದ ಬಟ್ಟೆಗಳನ್ನು ಮಡಚುತ್ತಿದ್ದೆ. ನನ್ನ ಗಂಡ ಕೋರ್ಟಿನಿಂದ ಬಂದಾಗಿನಿಂದ ಗೋಡೆಯ ಕಡೆ ಕುರ್ಚಿ ತಿರುಗಿಸಿಕೊಂಡು ಕೂತಿದ್ದರು.

"ಸಿಗ್ನಲ್ ಕೊಟ್ಟಿದ್ದು ನಾನೇ ಕಣೇ" ಎಂದರು.

ನಾನು ಕೈಯಲ್ಲಿದ್ದ ಅಂಗಿಯನ್ನು ಹಾಗೇ ಹಿಡಿದು ನಿಂತೆ.

"ಕಟ್ಟಿನ ಕೆಳಗೆ ಇಡೋ ಮರದ ದಿಮ್ಮಿ ಓರೆ ಆಗಿತ್ತು. ನೇತಾಡ್ತಿದ್ದ ಕಟ್ಟಿನ ಅಡಿಗೆ ಹೋಗಿ ಕಾಲಲ್ಲಿ ಸರಿ ಮಾಡ್ತಿದ್ದೆ. ಹೊರಗೆ ಬಂದು ಸಿಗ್ನಲ್ ಕೊಡಬೇಕು, ಅದು ಪದ್ಧತಿ. ಆದ್ರೆ ಯಾರು ಬರ್ತಾರೆ? ಮತ್ತೆ ಒಳಗೆ, ಮತ್ತೆ ಹೊರಗೆ, ಬೇಜಾರು. ಅಲ್ಲೇ ನಿಂತು ಸ್ವಲ್ಪ ಇಳಿಸು ಅಂತ ಕೈ ಮಾಡಿದೆ. ಅವನಿಗೆ ನನ್ನ ಕೈ ಮಾತ್ರ ಕಾಣೋದು, ಕಾಲು ಕಾಣಲ್ಲ. ಅವನು ಇಳಿಸಿದ. ಬ್ರೇಕು ಹಿಡೀಲಿಲ್ಲ."

"ನಿಮಗೆ ನೆನಪಿದೆ."

"ಎಲ್ಲಾ ನೆನಪಿದೆ."

"ಹಾಗಾದ್ರೆ ಅವನು ಯಾಕೆ ಹಾಗೆ ಹೇಳ್ದ?"

ಯಾರ್ಡಿನಲ್ಲಿ ಒಂದು ರೂಢಿ ಇದೆಯಂತೆ. ಏನೇ ಎಡವಟ್ಟಾದರೂ ಮೇಲೆ ಕೂತವನು ಮೊದಲು "ನನ್ನದು" ಎಂದುಬಿಡಬೇಕು. ಕೆಳಗಿನವನು ತಪ್ಪು ಕೈ ತೋರಿಸಿದ ಎಂದು ಒಮ್ಮೆ ಬಾಯಿಂದ ಬಾಯಿಗೆ ಹರಡಿದರೆ ಆಮೇಲೆ ಯಾವ ಕ್ರೇನಿನವನೂ ಅವನ ಕೈ ನಂಬುವುದಿಲ್ಲ, ಅವನ ಅನ್ನ ಹೋಯಿತು. ಮೇಲಿನವನಿಗಾದರೆ ಸೂಪರ್‌ವೈಸರ್ ನಾಲ್ಕು ಬೈಯುತ್ತಾನೆ, ಓವರ್‌ಟೈಮ್ ಕಟ್ ಮಾಡುತ್ತಾನೆ, ಕೆಳಗಿನವನು ಅವನಿಗೆ ಚಹಾ ಕುಡಿಸುತ್ತಾನೆ, ಅಲ್ಲಿಗೆ ಸರಿಹೋಗುತ್ತದೆ. ಎಲ್ಲರೂ ಎಲ್ಲರಿಗಾಗಿ ಹಾಗೆ ಮಾಡಿದವರೇ.

"ಏಣಿ ಇಳಿದು ನೆಲಕ್ಕೆ ಕಾಲಿಡೋ ಮೊದ್ಲೇ ನನ್ನದು, ನನ್ನದು ಅಂತ ಕೂಗ್ತಾ ಬಂದನಂತೆ. ನನಗೆ ಏನಾಗಿದೆ ಅಂತ ಕೂಡ ನೋಡಿರ್ಲಿಲ್ಲ. ಅಭ್ಯಾಸ ಕಣೇ. ಆಸ್ಪತ್ರೇಲಿ ನನಗೆ ಎಚ್ಚರ ಆದಾಗ ಕೈ ಹಿಡ್ಕೊಂಡ. ಅಣ್ಣ, ಹಾಗೇ ಇರ್ಲಿ, ನಿನ್ನ ತಪ್ಪಿದೆ ಅಂದ್ರೆ ನಿನ್ನ ದುಡ್ಡು ಮುರೀತಾರೆ, ನನ್ನದಾದ್ರೆ ಬೈತಾರೆ ಅಷ್ಟೆ ತಾನೆ ಅಂದ. ನಾನೂ ಸುಮ್ಮನಾದೆ."

ಕೋರ್ಟು ಎಂದರೆ ಇನ್ನೊಬ್ಬ ದೊಡ್ಡ ಸೂಪರ್‌ವೈಸರ್ ಎಂದು ಇಬ್ಬರು ಗಂಡಸರೂ ನಂಬಿ ಕೂತಿದ್ದರು. ಬೈಯುತ್ತಾರೆ, ಸಂಜೆಗೆ ಚಹಾ ಕುಡಿದರೆ ಸರಿಹೋಗುತ್ತದೆ!

"ಇಷ್ಟು ದಿನ ಇಬ್ಬರೂ ಸೇರ್ಕೊಂಡು ನನ್ನ ಕಿವಿ ಮೇಲೆ ಹೂವಿಟ್ರಾ?" ಎಂದು ಕೂಗಿದೆ. ಕೈಯಲ್ಲಿದ್ದ ಗಿರಾಕಿಯ ಅಂಗಿಯನ್ನು ಅವರ ಮೇಲೆ ಎಸೆದೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಮಡಚಿದರು. ಆಮೇಲೆ ಅಳತೊಡಗಿದರು. ಆ ಮನುಷ್ಯ ಕಾಲು ತೆಗೆದ ದಿನವೂ ಅತ್ತವರಲ್ಲ. ನಾನು ಪಕ್ಕದಲ್ಲಿ ಕೂತು ಅವರ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ.

"ನಾನು ಹೇಳ್ಬಿಡ್ತೀನಿ ಕಣೇ. ಇವನು ಸಾಯೋವರೆಗೆ ನನ್ನ ಕೈತಪ್ಪಿಗೆ ಮೂಟೆ ಹೊರೋದನ್ನ ನಾನು ಕೂತು ನೋಡಲಾರೆ."

ಮರುದಿನ ಬೆಳಗ್ಗೆ ಮೈದುನ ಬಂದಾಗ ನಾನು ಪ್ರತಿವಾದಿ ಗಿತಿವಾದಿ ಎನ್ನಲಿಲ್ಲ. ಅವನು ಅಣ್ಣನ ಬೆನ್ನಿಗೆ ನೀರು ಹುಯ್ಯುತ್ತಿದ್ದಾಗ ಬಚ್ಚಲ ಬಾಗಿಲಲ್ಲಿ ನಿಂತು, ಸಿಗ್ನಲ್ ಕೊಟ್ಟದ್ದು ಯಾರು ಎಂದು ಕೇಳಿದೆ. ಅವನು ಚೊಂಬು ಹಿಡಿದ ಕೈಯನ್ನು ನಿಲ್ಲಿಸಿ ಅಣ್ಣನ ಕಡೆ ನೋಡಿದ.

"ಹೇಳ್ಬಿಟ್ಯಾ?"

"ಹೇಳ್ದೆ. ಕೋರ್ಟಲ್ಲೂ ಹೇಳ್ತೀನಿ."

"ನಿನಗೇನು ತಲೆ ಕೆಟ್ಟಿದೆಯಾ ಅಣ್ಣ? ನಿನ್ನ ಕಾಲು?"

"ನನ್ನ ಕಾಲು ನನ್ನದು."

"ಅತ್ತಿಗೆ, ನೀವಾದ್ರೂ ಹೇಳಿ. ನೀವು ಬಾಯಿಗೆ ಬೀಗ ಹಾಕ್ಕೊಂಡ್ರೆ ಇವನ ಮಾತು ಯಾರೂ ನಂಬಲ್ಲ, ಡಾಕ್ಟರೇ ಬರ್ದಿದ್ದಾರಲ್ಲ. ನನಗೇನು ಹೆಂಡತಿಯಾ, ಮಕ್ಕಳಾ? ಒಂದು ಹೊಟ್ಟೆ. ಹಿಡ್ಕೊಂಡು ಮಿಕ್ಕಿದ್ದು ಕೊಟ್ರೆ ಸಾಕು."

"ನಿನಗೆ ಹೆಂಡತಿ ಮಕ್ಕಳು ಬರೋದೇ ಬೇಡ್ವೇನೋ?" ಎಂದೆ. ಅವನು ಅಣ್ಣನ ಬೆನ್ನು ಉಜ್ಜಿದ, ಚರ್ಮ ಕೆಂಪಾಗುವಷ್ಟು ಉಜ್ಜಿದ.

ಅಂಗಡಿಗೆ ಹೋಗುವ ಬದಲು ನಾನು ವಕೀಲರಲ್ಲಿಗೆ ಹೋದೆ. "ಸಾರ್, ಒಂದು ವೇಳೆ ಇವರೇ ಒಳಗೆ ನಿಂತು ಸಿಗ್ನಲ್ ಕೊಟ್ಟಿದ್ದು ಅಂತಾದ್ರೆ..." ಎನ್ನುತ್ತಿದ್ದಂತೆ ಅವರು ಎರಡೂ ಕಿವಿ ಮುಚ್ಚಿಕೊಂಡರು.

"ಊಹೆ ಅಂತ ಕೇಳ್ತಿದ್ದೀರೋ, ನಿಜ ಅಂತ ಹೇಳ್ತಿದ್ದೀರೋ? ಊಹೆ ಆದ್ರೆ ಉತ್ತರ ಹೇಳ್ತೀನಿ. ನಿಜ ಅಂದ್ರೆ ನಾನು ಜಡ್ಜ್ ಮುಂದೆ ಹೇಳಲೇಬೇಕಾಗುತ್ತೆ."

"ಊಹೆ" ಎಂದೆ.

ಅವರು ಕಿವಿಯಿಂದ ಕೈ ತೆಗೆದರು. "ಪೆಟ್ಟು ತಿಂದವರದೇ ಒಂದು ಪಾಲು ತಪ್ಪು ಅಂತಾದ್ರೆ ಪರಿಹಾರದಲ್ಲಿ ಅಷ್ಟು ಹೋಗುತ್ತೆ. ನಮ್ಮ ಖರ್ಚಲ್ಲೂ ಅಷ್ಟು ನಮ್ಮ ತಲೆ ಮೇಲೇ ಬೀಳುತ್ತೆ. ಸಾಲ ತೀರಿಸಿ, ಮನೆ ನಡೆಸಿ, ಆಪರೇಷನ್ನಿಗೆ ಅಂತ ಏನೂ ಮಿಗಲ್ಲಮ್ಮಾ. ಊಹೆ ಒಳ್ಳೇದಲ್ಲ. ಊಹೆ ಬಿಟ್ಟು ಮನೆಗೆ ಹೋಗಿ."

ಮನೆಗೆ ಹೋದೆ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತರೆ ಇದೇ ತಿರುಗುತ್ತಿತ್ತು. ಒಂದು ಕಡೆ ನನ್ನ ಗಂಡ ನಿಲ್ಲುವುದು. ಇನ್ನೊಂದು ಕಡೆ ಮೈದುನನ ಬದುಕು. ಒಂದು ಪ್ಯಾಂಟಿನ ತುದಿಯನ್ನು ಮೊಣಕಾಲವರೆಗೆ ಕತ್ತರಿಸಿಬಿಟ್ಟೆ, ಗಿರಾಕಿ ಬಾಯಿಗೆ ಬಂದ ಹಾಗೆ ಬೈದು ಹೋದ. ನನ್ನ ಗಂಡನಿಗೆ ಕೋರ್ಟಿನಲ್ಲಿ ಹೇಳಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾಲ್ಕು ಜನರ ಜಗಳದಲ್ಲಿ ಮೂಗು ತೂರಿಸಿ ತೀರ್ಪು ಹೇಳುವ ನನಗೆ ನನ್ನ ಮನೆಯ ತೀರ್ಪು ಹೇಳಲು ಬರಲಿಲ್ಲ.

ಖರ್ಚಿನ ದಿನ ಬಂತು.

ಮಾಲೀಕರ ವಕೀಲರು ಎದ್ದು ನಿಂತು, ಮೂರನೇ ಪ್ರತಿವಾದಿಯ ಅವಸರವಿಲ್ಲದಿದ್ದರೆ ಈ ಕೇಸೇ ಹುಟ್ಟುತ್ತಿರಲಿಲ್ಲ, ಎಲ್ಲರ ಖರ್ಚಿನಲ್ಲೂ ಅರ್ಧ ಅವನೇ ಭರಿಸಬೇಕು ಎಂದರು. ರಿಪೇರಿ ಕಂಪನಿಯವರು ಯಾರಾದರೂ ಕೊಡಿ, ನಮಗೆ ಬಂದರೆ ಸಾಕು ಎಂದರು. ಮೈದುನನಿಗೆ ಸರ್ಕಾರ ಕೊಟ್ಟಿದ್ದ ಪುಕ್ಕಟೆ ವಕೀಲೆ, ಪಾಪ, ಚಿಕ್ಕ ವಯಸ್ಸಿನವಳು. ಎದ್ದು ನಿಂತು, "ನನ್ನ ಕಕ್ಷಿದಾರರಿಗೆ ಇದಕ್ಕೆ ಏನೂ ಆಕ್ಷೇಪಣೆ ಇಲ್ಲವಂತೆ" ಎಂದು ತಾನೇ ನಂಬಲಾರದವಳಂತೆ ಹೇಳಿ ಕೂತಳು.

"ಮೇಡಂ" ಎಂದರು ನನ್ನ ಗಂಡ.

ಎಲ್ಲರೂ ತಿರುಗಿದರು. ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡರು. "ನೋಡಿ, ಇವತ್ತು ಖರ್ಚು ಹಂಚೋ ವಿಚಾರ ಮಾತ್ರ."

"ಅದೇ ವಿಚಾರ ಮೇಡಂ. ಹಂಚೋವಾಗ ನನ್ನ ಪಾಲು ಬಿಟ್ಟುಹೋಗಿದೆ."

ಅಲ್ಲಿಂದ ಮುಂದೆ ಅವರು ನನಗೆ ಹೇಳಿದ ಹಾಗೇ ಹೇಳಿದರು. ದಿಮ್ಮಿ, ಕಾಲು, ಕೈ. ಮುಗಿಯುವ ಮೊದಲೇ ಮೈದುನ ಎದ್ದು ನಿಂತಿದ್ದ. "ಸುಳ್ಳು ಮೇಡಂ! ಅವನಿಗೆ ತಲೆಗೆ ಪೆಟ್ಟು ಬಿದ್ದಿದೆ, ಏನೇನೋ ಹೇಳ್ತಾನೆ!"

"ಯಾರಿಗೋ ತಲೆ ಕೆಟ್ಟಿರೋದು? ಕೂತ್ಕೊಳೋ ಸುಮ್ಮನೆ!"

"ನೀನು ಸುಮ್ಮನಿರಣ್ಣ! ನಾನೇ ಇಳಿಸಿದ್ದು!"

"ನಾನು ಹೇಳಿದ್ದಕ್ಕೆ ಇಳಿಸ್ದೆ!"

ತಪ್ಪನ್ನು ಇನ್ನೊಬ್ಬರ ಮೇಲೆ ನೂಕಲೆಂದೇ ಇಷ್ಟು ವಕೀಲರು ಕೂಲಿ ಪಡೆದು ಬಂದಿದ್ದ ಆ ಕೋಣೆಯಲ್ಲಿ ಇವರಿಬ್ಬರು ಅದು ನನ್ನದು, ನನ್ನದು ಎಂದು ಚಿಕ್ಕ ಹುಡುಗರ ಹಾಗೆ ಕಿತ್ತಾಡಿದರು. ಯಾರೋ ಹಿಂದೆ ನಕ್ಕರು. ನನಗೆ ಅವರ ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

ಜಡ್ಜಮ್ಮ ಮೇಜಿನ ಮೇಲೆ ಪೆನ್ನು ಕುಟ್ಟಿದರು. ಆಮೇಲೆ ನನ್ನನ್ನು ನೋಡಿದರು. "ಇವರ ಪರವಾಗಿ ಕೇಸು ನಡೆಸಿದವರು ನೀವು. ಇವರನ್ನ ದಿನಾ ನೋಡ್ತೀರಿ. ನಿಮ್ಮ ಯಜಮಾನರಿಗೆ ಆವತ್ತಿನದು ನಿಜವಾಗಿ ನೆನಪಿದೆಯಾ, ಇಲ್ಲಾ ತಮ್ಮನ್ನ ಉಳಿಸೋಕೆ ಹೇಳ್ತಿದ್ದಾರಾ?"

ವಕೀಲರು ನನ್ನ ಸೆರಗಿನ ತುದಿಯನ್ನು ಮೆಲ್ಲನೆ ಜಗ್ಗಿದರು. ಮೈದುನ ಎರಡೂ ಕೈ ಜೋಡಿಸಿ ಬೇಡ, ಬೇಡ ಎಂದು ತಲೆ ಆಡಿಸುತ್ತಿದ್ದ. ನನ್ನ ಗಂಡ ನನ್ನನ್ನು ನೋಡಲೇ ಇಲ್ಲ, ಬೆನ್ನು ನೆಟ್ಟಗೆ ಮಾಡಿ ಮುಂದೆ ನೋಡುತ್ತಿದ್ದರು. ಇಲ್ಲ ಎಂದರೆ ಒಂದು ಮಾತು. ಆ ಒಂದು ಮಾತಿನಲ್ಲಿ ಅವರು ಕೋಲೂರಿ ನಿಲ್ಲುತ್ತಿದ್ದರು.

"ನೆನಪಿದೆ ಮೇಡಂ. ಇವರು ಹೇಳಿದ್ದೇ ನಿಜ" ಎಂದೆ. "ಕಾಲು ಹೋಗಿರೋ ಮನುಷ್ಯನನ್ನ ತಲೇನೂ ಹೋಗಿದೆ ಅಂತ ನಾನು ನಿಂತು ಹೇಳಲಾರೆ."

ಕುರ್ಚಿಯಲ್ಲಿದ್ದ ನನ್ನ ಗಂಡ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಜಡ್ಜಮ್ಮ ಅವರನ್ನು ಇನ್ನಷ್ಟು ಪ್ರಶ್ನೆ ಕೇಳಿದರು. ಯಾರ್ಡಿನ ಫೋಟೋ ತರಿಸಿ ನೋಡಿದರು. ಅದರಲ್ಲಿ ದಿಮ್ಮಿಯೊಂದು ಓರೆಯಾಗಿ ಬಿದ್ದಿತ್ತು. ಅದು ಯಾಕೆ ಹಾಗಿದೆ ಎಂದು ಇಡೀ ಕೇಸಿನಲ್ಲಿ ಯಾರೂ ವಿವರಿಸಿರಲಿಲ್ಲ, ಈಗ ಅರ್ಥವಾಯಿತು ಎಂದರು. ಮೈದುನ ಮಾತ್ರ ತನ್ನ ಮಾತು ಬಿಡಲಿಲ್ಲ. ಅವನನ್ನು ಸಾಕು ಎಂದು ಕೂರಿಸಿದರು. ಮಧ್ಯಾಹ್ನದ ಮೇಲೆ ಬನ್ನಿ ಎಂದರು.

ತೀರ್ಪಿಗೆ ಇನ್ನೂ ಮೊಹರು ಬಿದ್ದಿರಲಿಲ್ಲವಾದ್ದರಿಂದ ಮಧ್ಯಾಹ್ನ ಎಲ್ಲ ಹೊಸದಾಗಿ ಹಂಚಿದರು. ಮಾಲೀಕರು ಎಂಬತ್ತು. ನನ್ನ ಗಂಡ ಇಪ್ಪತ್ತು. ರಿಪೇರಿ ಕಂಪನಿಯ ಖರ್ಚೆಲ್ಲ ಮಾಲೀಕರ ಮೇಲೆ, ಯಾಕೆಂದರೆ ಮೊದಲಿನಿಂದಲೂ ಕಂಪನಿಯ ಕಡೆ ಬೆರಳು ತೋರಿಸಿದವರು ಮಾಲೀಕರೇ. ನಮ್ಮ ಖರ್ಚಿನಲ್ಲಿ ನಾಲ್ಕು ಪಾಲು ಮಾಲೀಕರದು, ಒಂದು ನಮ್ಮದು. ಮೂರನೇ ಪ್ರತಿವಾದಿ ಸಿಗ್ನಲ್ ಕಂಡಂತೆ ನಡೆದುಕೊಂಡಿದ್ದಾನೆ, ಅವನ ಮೇಲೆ ಏನೂ ಇಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ಅವನನ್ನು ನಿಲ್ಲಿಸಿ ಗಟ್ಟಿಯಾಗಿ ಗದರಿದರು, ಇನ್ನೊಮ್ಮೆ ಹೀಗಾದರೆ ಜೈಲು ಎಂದರು. ಪುಕ್ಕಟೆ ವಕೀಲೆಯಾದ್ದರಿಂದ ಅವನು ಯಾರಿಗೂ ಕೊಡಬೇಕಾದದ್ದಿಲ್ಲ, ಅವನಿಗೆ ಯಾರಿಂದಲೂ ಬರಬೇಕಾದದ್ದಿಲ್ಲ.

"ಆಪರೇಷನ್ ವಿಚಾರ ಸದ್ಯಕ್ಕೆ ಮರ್ತುಬಿಡಿ" ಎಂದು ವಕೀಲರು ಕೋಟು ಬಿಚ್ಚುತ್ತಾ ಮೆಲ್ಲಗೆ ಹೇಳಿದರು. ಅವರಿಗೆ ಸಿಟ್ಟಿತ್ತು, ಆದರೂ ಬೈಯಲಿಲ್ಲ.

"ಹೋಗ್ಲಿ ಬಿಡೇ, ಕೂತು ಅಭ್ಯಾಸ ಆಗಿದೆ" ಎಂದರು ನನ್ನ ಗಂಡ. ಬಹಳ ದಿನದಿಂದ ಕಾಣದ ಒಂದು ಗೆಲುವು ಅವರ ಮುಖದಲ್ಲಿತ್ತು. "ಅವನನ್ನ ಕರಿ. ಇವತ್ತು ಮುಂದಿನ ಬಾಗಿಲಿಂದಾನೇ ಎಲ್ಲಾ ಹೋಗೋಣ."

ನಾನು ಅವನನ್ನು ಹುಡುಕಿಕೊಂಡು ಹೋದೆ. ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಕೆಳಗೆ ಕೂತಿದ್ದ. ನನಗೋ ಆಪರೇಷನ್ ಕೈತಪ್ಪಿದ ಸಂಕಟ, ಅದರ ಮೇಲೊಂದು ಸಂತೋಷ. ಒಬ್ಬನಾದರೂ ಉಳಿದನಲ್ಲ ಎಂದು.

"ಏಳೋ, ಮುಗೀತು. ನಿನ್ನ ಮೇಲೆ ಒಂದು ಕಾಸೂ ಇಲ್ಲ. ಕೇಳಿಸ್ತಾ?"

"ಕೇಳಿಸ್ತು ಅತ್ತಿಗೆ. ಏನೂ ಇಲ್ಲ."

"ಮತ್ತೆ ಯಾಕೋ ಮುಖ ಹಾಗೆ ಮಾಡ್ಕೊಂಡಿದ್ದೀಯ? ನಿನ್ನ ಪರವಾನಗಿ ವಾಪಸ್ ಕೇಳಬಹುದು ಅಂತ ನಿನ್ನ ವಕೀಲೆ ಹೇಳ್ತಿದ್ಲು."

ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಮೂಟೆಯ ಹಗ್ಗದಿಂದ ಅಂಗೈಯೆಲ್ಲ ಜಡ್ಡುಗಟ್ಟಿತ್ತು.

"ಲಿವರ್ ಎಳೆದಿದ್ದು ಈ ಕೈ ಅತ್ತಿಗೆ. ಅವನು ಸಿಗ್ನಲ್ ಕೊಟ್ಟ, ಬ್ರೇಕು ಹಿಡೀಲಿಲ್ಲ, ಎಲ್ಲಾ ಸರಿ. ಆದ್ರೆ ಎಳೆದಿದ್ದು ಇದೇ. ಅವನು ಕಿರುಚಿದ್ದು ಕೇಳಿಸ್ದಾಗ ಇದು ಇನ್ನೂ ಲಿವರ್ ಮೇಲೇ ಇತ್ತು." ಅವನ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅವತ್ತು ನಲವತ್ತು ಅಂದ್ರಲ್ಲ ಜಡ್ಜಮ್ಮ, ಅವತ್ತು ರಾತ್ರಿ ನನಗೆ ನಿದ್ದೆ ಬಂತು. ಅಲ್ಲೀವರೆಗೆ ಒಂದು ದಿನಾನೂ ಸರಿಯಾಗಿ ಬಂದಿರ್ಲಿಲ್ಲ. ಅಬ್ಬಾ, ಇಷ್ಟು ಅಂತ ಒಂದು ಲೆಕ್ಕ ಆಯ್ತಲ್ಲ, ಕಟ್ತಾ ಕಟ್ತಾ ಹೋದ್ರೆ ಸಾಯೋದ್ರೊಳಗೆ ಎಂದಾದ್ರೂ ತೀರುತ್ತೆ ಅನ್ಕೊಂಡಿದ್ದೆ."

ನಾನು ಅವನ ತಲೆಯ ಮೇಲೆ ಕೈಯಿಟ್ಟೆ. ಅವನು ಸರಿಸಲಿಲ್ಲ.

"ನೀವು ಬಿಡಿಸಿಬಿಟ್ರಿ ಅತ್ತಿಗೆ. ಅವನು ತನ್ನ ಪಾಲು ತಾನು ತಗೊಂಡ, ಮಾಲೀಕರು ಅವರ ಪಾಲು ಕಟ್ತಾರೆ. ನಾನು ಈಗ ಯಾರಿಗೆ ಕಟ್ಲಿ?"

ನಾನು ಮಾಡಿದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಯಾರು ಕೇಳಿದರೂ ಅದೇ ಹೇಳುತ್ತೇನೆ. ಆದರೆ ಆ ಮೆಟ್ಟಿಲ ತಿರುವಿನಲ್ಲಿ ಅವನು ಮುಖವೆತ್ತಿ, ನಿಜವಾಗಿಯೂ ನನ್ನಿಂದ ಒಂದು ವಿಳಾಸ ಬೇಕಾದವನಂತೆ ಕಾಯುತ್ತಾ ಕೂತಿದ್ದ.